ಪಟ್ಟ ಹೋದರೂ ಪಟ ಬಿಡದ ಅರಸ

ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ. ಟಿಪ್ಪು ಸುಲ್ತಾನ್ ಮಡಿದ ಮೇಲೆ, 1799ರಲ್ಲಿ, ಐದನೇ ವಯಸ್ಸಿಗೇ ಮೈಸೂರಿನ ಅರಸರಾದರು. ದಿವಾನ್ ಪೂರ್ಣಯ್ಯನವರ ನಂತರ ರಾಜ್ಯಭಾರ ಅವರ ಕೈಗೆ ಬಂತು. ನಗರದ ರೈತರು ದಂಗೆ ಎದ್ದಾಗ, ಆಡಳಿತ ಸರಿಯಿಲ್ಲವೆಂದು 1831ರಲ್ಲಿ ಬ್ರಿಟಿಷರು ಅಧಿಕಾರ ಕಿತ್ತುಕೊಂಡರು. ಆಗ ಒಡೆಯರಿಗೆ 37 ವರ್ಷ.

ಅರಮನೆ ಉಳಿಯಿತು, ಕೆಲಸ ಉಳಿಯಲಿಲ್ಲ. ಆ ಬಿಡುವನ್ನು ಅವರು ವಿದ್ಯೆಗೆ, ಕಲೆಗೆ, ಆಟಕ್ಕೆ ಕೊಟ್ಟರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ದಾರಿಗಳನ್ನು ಹುಡುಕಿ, ರೇಷ್ಮೆಯ ಮೇಲೂ ಅಚ್ಚು ಹಾಕಿಸಿದರು. ಹೊಸ ಆಟದ ಪಟಗಳನ್ನು ತಾವೇ ರಚಿಸಿದರು. ಗಂಜೀಫಾದಲ್ಲಿ 320 ಎಲೆಗಳ ಆಟ ಕಟ್ಟಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಆಟಗಳಿಗೇ ಮೀಸಲು.

ರಾಜ್ಯ ಮರಳಿಸಿ ಎಂದು ಅರ್ಜಿ ಬರೆಯುವುದನ್ನೂ ಅವರು ಬಿಡಲಿಲ್ಲ. 1868ರಲ್ಲಿ ತೀರಿಕೊಂಡಾಗಲೂ ಅದು ಕೈಗೂಡಿರಲಿಲ್ಲ. ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ 1881ರಲ್ಲಿ ರಾಜ್ಯ ಮರಳಿತು.

ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಅರ್ಜಿ ಹಾಕಿ ಫಲಿತಾಂಶಕ್ಕೆ ಕಾಯುತ್ತಿರುವ ನಮಗೆ ಅರಮನೆಯಿಲ್ಲ, ಮನೆ ಖರ್ಚಿನ ಚಿಂತೆಯಿದೆ. ಆದರೂ ಕಾಯುವ ದಿನಗಳು ನಮ್ಮವೇ. ಗೆಳೆಯರು ಹಣ ಕೂಡಿಸಿ ಒಂದು ಮರದ ಚದುರಂಗ ಕೊಳ್ಳಬಹುದು. ಆರಿಸುವಾಗ ಕುದುರೆಯ ಕೆತ್ತನೆ ನೋಡಿ. ಕೆಲಸಗಾರನ ಕೈ ಗೊತ್ತಾಗುವುದು ಅದರಲ್ಲೇ. ಅರ್ಜಿಯೂ ಇರಲಿ, ಆಟವೂ ಇರಲಿ.