ಮಳೆ ನಿಂತ ಮೇಲೆ ಬಂದ ಇಂಜಿನಿಯರ್

ಸೆಪ್ಟೆಂಬರ್ 15 ಬಂತು ಅಂದ್ರೆ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳುತ್ತೆ, ಒಂದೆರಡು ಭಾಷಣ ಆಗುತ್ತೆ, ಮಧ್ಯಾಹ್ನ ಎಲ್ಲರೂ ಲ್ಯಾಬ್‌ಗೆ ಹೋಗ್ತೀವಿ. ಬೀದಿದೀಪದ ಕತೆ, ರೈಲು ಹಳಿಯ ಕತೆ ನಮಗೆಲ್ಲ ಬಾಯಿಪಾಠ. ಈ ಸಲ ಅವನ್ನು ಪಕ್ಕಕ್ಕಿಟ್ಟು ಅವರ ಬದುಕನ್ನು ಒಂದು ಪ್ರವಾಹದ ಕಡೆಯಿಂದ ನೋಡೋಣ ಅಂತ ಕೂತೆವು. ಅದಕ್ಕೆ ಕಾರಣವೂ ಇದೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪಾಠ ಓದುವಾಗ ನಮ್ಮಲ್ಲೇ ಒಂದು ಅನುಮಾನ ಎದ್ದಿತ್ತು: ಸ್ಕೋಪು, ಶೆಡ್ಯೂಲು, ರಿಸ್ಕು ಅನ್ನೋದೆಲ್ಲ ಪುರುಸೊತ್ತಾಗಿ ಮಾಡೋ ಕೆಲಸಕ್ಕೆ ಸರಿ, ಊರಿಗೆ ನೀರು ನುಗ್ಗಿದಾಗ ಚಾರ್ಟು ಯಾರು ನೋಡ್ತಾರೆ?

ವಿಶ್ವೇಶ್ವರಯ್ಯ ಹುಟ್ಟಿದ್ದು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ, 1861ರಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಗೆ ಹೋಗಿ ಇಂಜಿನಿಯರಿಂಗ್ ಮಾಡಿದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ಮುಂದಿನ ಇಪ್ಪತ್ತೈದು ವರ್ಷ ಅವರು ನೀರಿನ ಜೊತೆಗೇ ಬದುಕಿದರು ಅನ್ನಬಹುದು. ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರು ಕೊಟ್ಟರು. ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚುವರಿ ನೀರು ಸುಮ್ಮನೆ ಕೋಡಿ ಮೇಲೆ ಹರಿದುಹೋಗುತ್ತಿತ್ತು. ಅಲ್ಲಿ ಸ್ವಯಂಚಾಲಿತ ಗೇಟು ಕೂರಿಸಿದರು. ನೀರು ಒಂದು ಮಟ್ಟದ ತನಕ ನಿಲ್ಲುತ್ತೆ. ಅದನ್ನು ಮೀರಿದರೆ ಗೇಟು ತಾನಾಗೇ ತೆರೆದುಕೊಳ್ಳುತ್ತೆ, ನೀರು ಇಳಿದ ಮೇಲೆ ತಾನಾಗೇ ಮುಚ್ಚಿಕೊಳ್ಳುತ್ತೆ. ರಾತ್ರಿ ಎರಡು ಗಂಟೆಗೆ ಪ್ರವಾಹ ಬಂದರೂ ಯಾರೋ ಓಡಿಹೋಗಿ ಗೇಟು ಎತ್ತಬೇಕಿಲ್ಲ. ಅಂದ್ರೆ ತುರ್ತಿನ ಹೊತ್ತಿನಲ್ಲಿ ಮಾಡಬೇಕಾದ ತೀರ್ಮಾನವನ್ನು ಅವರು ಡಿಸೈನ್ ಮಾಡುವಾಗಲೇ ಮಾಡಿ ಮುಗಿಸಿದ್ದರು. ಈ ಗೇಟಿಗೆ ಪೇಟೆಂಟ್ ಇದ್ದರೂ ಸರ್ಕಾರಿ ಕೆಲಸದಲ್ಲಿ ಮಾಡಿದ್ದು ಅಂತ ರಾಯಧನ ತೆಗೆದುಕೊಳ್ಳಲಿಲ್ಲ.

1908ರಲ್ಲಿ ಅವರು ನಿವೃತ್ತಿಗೆ ಹೊರಟು ವಿದೇಶ ಪ್ರವಾಸದಲ್ಲಿದ್ದರು. ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು. ಒಂದೇ ದಿನದಲ್ಲಿ ಸುಮಾರು 12 ಇಂಚು ಮಳೆ. ಸತ್ತವರು ಸುಮಾರು 15,000 ಅಂತ ಅಂದಾಜು. ಅಫ್ಜಲ್‌ಗಂಜ್ ಹತ್ತಿರ ಒಂದು ಹುಣಸೆ ಮರ ಹತ್ತಿ ನೂರೈವತ್ತು ಜನ ಜೀವ ಉಳಿಸಿಕೊಂಡರು. ಆ ಮರ ಇವತ್ತಿಗೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ.

ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಪ್ರವಾಸ ಮುಗಿಸಿ ಹೈದರಾಬಾದಿಗೆ ಬಂದಿದ್ದು 1909ರ ಏಪ್ರಿಲ್‌ನಲ್ಲಿ, ಅಂದ್ರೆ ನೀರು ಇಳಿದು ಆರು ತಿಂಗಳಾದ ಮೇಲೆ. ಹಾಗಾಗಿ ದೋಣಿಯಲ್ಲಿ ಜನರನ್ನು ಎತ್ತಿದ್ದು, ಗಂಜಿ ಹಾಕಿದ್ದು ಅವರಲ್ಲ. ಅವರ ಪಾಲಿಗೆ ಬಂದಿದ್ದು ಇನ್ನೊಂದು ತರದ ತುರ್ತು: ಮುಂದಿನ ಮೂಸಿ ಉಕ್ಕುವ ಮುಂಚೆ ಏನು ಮಾಡಬೇಕು ಅನ್ನೋದು.

ಅವರು ಮಾಡಿದ ಕೆಲಸವನ್ನು ನಮ್ಮ ಪಠ್ಯದ ಮಾತಲ್ಲಿ ಹೇಳಿ ನೋಡೋಣ. ಮೊದಲು ಸ್ಕೋಪು. ಊರನ್ನು ಮತ್ತೆ ಕಟ್ಟಿ ಅಂತ ಹೇಳಿದ್ದನ್ನು ಅವರು ಬಿಡಿಸಿ ಹಾಕಿದರು: ಪ್ರವಾಹ ತಡೆ ಒಂದು, ನಗರದ ಪುನರ್ನಿರ್ಮಾಣ ಇನ್ನೊಂದು, ಒಳಚರಂಡಿ ಮತ್ತೊಂದು. ಆಮೇಲೆ ಡೇಟಾ. ಅಲ್ಲಿ ಮಳೆ ಲೆಕ್ಕ ಸಾಲದಾದಾಗ ಅಕ್ಕಪಕ್ಕದ ಪ್ರಾಂತ್ಯಗಳ ಮಳೆ ದಾಖಲೆ ತರಿಸಿ ನೋಡಿದರು. ಉಕ್ಕಿದ ನೀರು ಸೆಕೆಂಡಿಗೆ 4 ಲಕ್ಷ ಘನ ಅಡಿಗೂ ಹೆಚ್ಚು ಅಂತ ಲೆಕ್ಕ ಹಾಕಿದರು. ನದಿಯ ಪಾತ್ರ ಊರಿನೊಳಗೆ ಅಷ್ಟನ್ನು ಹೊರಲಾರದು. ಹಾಗಾದ್ರೆ ನೀರನ್ನು ಊರಿಗೆ ಬರೋ ಮುಂಚೆಯೇ ಹಿಡಿಯಬೇಕು. ಅದಕ್ಕೆ ಮೇಲ್ಭಾಗದಲ್ಲಿ ಎರಡು ಜಲಾಶಯ, ಒಂದು ಮೂಸಿಗೆ, ಇನ್ನೊಂದು ಅದರ ಉಪನದಿ ಈಸಿಗೆ. ಊರೊಳಗೆ ದಡ ಎತ್ತರಿಸಿ ಗೋಡೆ, ದಡದ ಮೇಲೆ ಉದ್ಯಾನ, ರಸ್ತೆ.

ಆದರೆ ನಮಗೆ ತಿಪಟೂರು, ತುರುವೇಕೆರೆ ಕಡೆಯವರಿಗೆ ನೆಟ್ಟಗೆ ಎದೆಗೆ ತಾಕೋದು ಈ ವರದಿಯ ಇನ್ನೊಂದು ಭಾಗ. ಮೂಸಿಯ ಜಲಾನಯನದಲ್ಲಿ ನೂರಾರು ಕೆರೆಗಳಿದ್ದವು. ಮಳೆ ಜೋರಾದಾಗ ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳ ಏರಿ ಒಡೆದವು. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಗೆ. ಅದೂ ಒಡೆದರೆ ಎರಡರ ನೀರು ಮೂರನೆಯದಕ್ಕೆ. ನಮ್ಮ ಕಡೆಯೂ ಹಾಗೇ ಅಲ್ವಾ? ತೋಟದ ಸಾಲಿನ ಕೆಳಗೆ ಕೆರೆ, ಅದರ ಕೋಡಿ ನೀರು ಹಳ್ಳ ಹಿಡಿದು ಮುಂದಿನೂರ ಕೆರೆಗೆ. ರಿಸ್ಕ್ ರಿಜಿಸ್ಟರ್‌ನಲ್ಲಿ ಒಂದೊಂದು ಕೆರೆಯನ್ನು ಒಂದೊಂದು ಸಾಲಾಗಿ ಬರೆದರೆ ಸಾಲದು, ಯಾವುದು ಯಾವುದರ ಮೇಲೆ ಬೀಳುತ್ತೆ ಅಂತ ಬಾಣದ ಗುರುತು ಹಾಕಬೇಕು ಅನ್ನೋದನ್ನು ಮೂಸಿ ಹದಿನೈದು ಸಾವಿರ ಜೀವ ತೆಗೆದು ಕಲಿಸಿತು.

ವರದಿ ಮುಗಿಸಿ 1909ರ ನವೆಂಬರ್‌ಗೆ ವಿಶ್ವೇಶ್ವರಯ್ಯ ಮೈಸೂರಿಗೆ ಮುಖ್ಯ ಇಂಜಿನಿಯರ್ ಆಗಿ ಹೊರಟುಬಿಟ್ಟರು. ಅಲ್ಲಿದ್ದದ್ದು ಏಳೇ ತಿಂಗಳು. ಕೆಲಸ ನಡೆಸಿದ್ದು ಬೇರೆಯವರು. ಉಸ್ಮಾನ್ ಸಾಗರ ಮುಗಿದದ್ದು 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ. ಬರೆದವರು ಪಕ್ಕದಲ್ಲಿಲ್ಲದೆ ಹದಿನೆಂಟು ವರ್ಷ ನಡೆಯುವ ಹಾಗೆ ಒಂದು ಯೋಜನೆ ಬರೆದಿಡೋದು ಸಣ್ಣ ಮಾತಲ್ಲ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟು ಹಾಗಿರಲಿ, ಒಬ್ಬ ಗೆಳೆಯ ರಜಾ ಹಾಕಿದರೆ ಕೋಡ್ ಎಲ್ಲಿದೆ ಅಂತ ಮಿಕ್ಕವರಿಗೆ ಗೊತ್ತಿರಲ್ಲ.

ಇಲ್ಲಿ ಒಂದು ಮಾತು. ಗ್ಯಾಂಟ್ ಚಾರ್ಟು ಹೆಸರಾದದ್ದು 1910ರ ದಶಕದಲ್ಲಿ, ಕ್ರಿಟಿಕಲ್ ಪಾತ್ ಮೆಥಡ್ ಬಂದದ್ದು 1950ರ ದಶಕದ ಕೊನೆಗೆ. ವಿಶ್ವೇಶ್ವರಯ್ಯನವರ ಕೈಯಲ್ಲಿ ಇವ್ಯಾವೂ ಇರಲಿಲ್ಲ. ಆದರೆ ಆ ಲೆಕ್ಕಾಚಾರ ಇತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದಾಗ ಅದು ಎದ್ದು ಕಂಡಿತು. ಕೋಲಾರದ ಚಿನ್ನದ ಗಣಿಗೆ ಹೆಚ್ಚುವರಿ ವಿದ್ಯುತ್ ಕೊಡಲು 1915ರ ಮಳೆಗಾಲದ ಹೊತ್ತಿಗೆ ಕಟ್ಟೆ ಒಂದು ಎತ್ತರಕ್ಕೆ ಬರಲೇಬೇಕಿತ್ತು. ಕಾವೇರಿ ಯಾರಿಗೂ ಕಾಯಲ್ಲ. ಮುಂಗಾರು ಬಂತು ಅಂದ್ರೆ ಕೆಲಸದ ದಿನಗಳು ಮುಗಿದವು. ಸಾವಿರಾರು ಕೆಲಸಗಾರರು, ಮಲೇರಿಯಾ, ರಾತ್ರಿ ದೀಪದಲ್ಲಿ ಕೆಲಸ, ಇಷ್ಟರ ನಡುವೆ ಆ ಗಡುವು ಉಳಿಯಿತು. 1912ರಿಂದ 1918ರವರೆಗೆ ಅವರೇ ದಿವಾನರು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲು ಕೊಡುವ ವಿಚಾರದಲ್ಲಿ ಮಹಾರಾಜರ ಜೊತೆ ಭಿನ್ನಾಭಿಪ್ರಾಯ ಬಂದು ಹುದ್ದೆ ಬಿಟ್ಟರು. ಆ ವಿಷಯದಲ್ಲಿ ಅವರ ನಿಲುವನ್ನು ನಾವು ಒಪ್ಪಬೇಕಿಲ್ಲ. ಕಟ್ಟೆ ಪೂರ್ತಿಯಾದದ್ದು 1931ರಲ್ಲಿ.

ತೊಂಬತ್ತು ದಾಟಿದ ಮೇಲೂ, 1952ರಲ್ಲಿ, ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕು ಅಂತ ಸ್ಥಳ ನೋಡಲು ಹೋದರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ ನೂರು ದಾಟಿ ತೀರಿಕೊಂಡರು.

ಈಗ ನಮ್ಮ ಅನುಮಾನಕ್ಕೆ ವಾಪಸ್ ಬರೋಣ. ನೀರು ನುಗ್ಗಿದಾಗ ಚಾರ್ಟು ಯಾರೂ ನೋಡಲ್ಲ, ನಿಜ. ನೋಡಬೇಕಾದದ್ದು ಅದಕ್ಕಿಂತ ಮುಂಚೆ. ತಿಪಟೂರು ಸೀಮೆಯ ಯಾವ ಮನೆಗೆ ಹೋದರೂ ಇದು ಹೊಸ ಮಾತಲ್ಲ. ಇವತ್ತು ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಿ ಮಾರ್ಕೆಟ್‌ಗೆ ಹೋಗಕ್ಕೆ ಹತ್ತು ಹನ್ನೊಂದು ತಿಂಗಳು ಬೇಕು. ದುಡ್ಡಿನ ತುರ್ತು ಬಂದ ದಿನ ಅಟ್ಟ ಹತ್ತಿದರೆ ಏನೂ ಪ್ರಯೋಜನವಿಲ್ಲ.

ನಮ್ಮ ಕೆರೆಗಳ ವಿಷಯದಲ್ಲಿ ಮಾತ್ರ ನಾವು ಅಷ್ಟು ಜಾಣರಾಗಿಲ್ಲ. ಹೇಮಾವತಿ ನಾಲೆ ನೀರಿನಿಂದ ಕೆರೆ ತುಂಬಿದರೆ ನಮಗೆ ಹಬ್ಬ, ತೋಟ ಉಳಿಯುತ್ತೆ. ಆದರೆ ಮೊದಲೇ ತುಂಬಿರೋ ಕೆರೆ ಮೇಲೆ ದೊಡ್ಡ ಮಳೆ ಸುರಿದರೆ ಆ ನೀರಿಗೆ ಜಾಗ ಎಲ್ಲಿದೆ? ಕೋಡಿ ಹಳ್ಳದಲ್ಲೇ ತೆಂಗಿನ ಸಸಿ ನೆಟ್ಟಿದ್ದರೆ ಅದು ಎಲ್ಲಿಗೆ ಹೋಗಬೇಕು? ಹೈದರಾಬಾದಿನಲ್ಲೂ ಇದೇ ಆಯ್ತು. ಕೆರೆ, ಕಾಲುವೆ ಮುಚ್ಚಿ ಬೆಳೆದ ಬಡಾವಣೆಗಳು 2020ರ ಅಕ್ಟೋಬರ್ ಮಳೆಯಲ್ಲಿ ಮುಳುಗಿದವು. ನೂರು ವರ್ಷದ ಹಿಂದಿನ ವರದಿ ಇತ್ತು, ಅದನ್ನು ದಿನಾ ನೋಡಿಕೊಳ್ಳೋರು ಇರಲಿಲ್ಲ.

ಸಿವಿಲ್ ವಿಭಾಗದ ಗೆಳೆಯರಿಗೆ ನಮ್ಮದೊಂದು ಕೋರಿಕೆ. ಮುಂದಿನ ಮಿನಿ ಪ್ರಾಜೆಕ್ಟಿಗೆ ಚಿಕ್ಕನಾಯಕನಹಳ್ಳಿಯದೋ ತುರುವೇಕೆರೆಯದೋ ಒಂದು ಕೆರೆ ಸಾಲು ತಗೊಳ್ಳಿ. ಯಾವ ಕೋಡಿ ಯಾವ ಕೆರೆಗೆ, ಏರಿ ಎಲ್ಲಿ ಕುಸಿದಿದೆ, ತೂಬು ಎತ್ತೋದು ಯಾರು, ಮೇಲಿನೂರಿನವರು ಕೆಳಗಿನೂರಿಗೆ ಫೋನ್ ಮಾಡಬೇಕಾದ್ರೆ ಯಾರಿಗೆ ಮಾಡಬೇಕು, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಪಂಚಾಯ್ತಿ ಗೋಡೆಗೆ ಅಂಟಿಸಿ. ನೀರುಗಂಟಿಗಳನ್ನು ಮೊದಲು ಮಾತಾಡಿಸಿ, ಅರ್ಧ ಡೇಟಾ ಅವರ ತಲೆಯಲ್ಲೇ ಇರುತ್ತೆ. ಸಿ.ಎಸ್. ವಿಭಾಗದವರು ಮ್ಯಾಪ್ ಮಾಡಿಕೊಡಲಿ. ಸೆಪ್ಟೆಂಬರ್ 15ರ ಹಾರದ ಖರ್ಚಿಗಿಂತ ಜಾಸ್ತಿ ಆಗಲ್ಲ. ಮುಂಗಾರಿಗೆ ಮುಂಚೆ ಮುಗಿಸಬೇಕು, ಅಷ್ಟೇ ಗಡುವು.