ಪುಲಕೇಶಿಯ ಸ್ಮಾರಕವೆಲ್ಲಿ?

ಬಾದಾಮಿಗೆ ಹೋದ ಸುಶಿಕ್ಷಿತರು ಮೇಣಬಸದಿಗಳನ್ನು ನೋಡಿ, ಅಗಸ್ತ್ಯತೀರ್ಥದ ದಂಡೆಯ ಮೇಲೆ ಕುಳಿತು, ಇಮ್ಮಡಿ ಪುಲಕೇಶಿಯ ಸಮಾಧಿಯೆಲ್ಲಿ ಎಂದು ವಿಚಾರಿಸುವುದುಂಟು. ಸಮಾಧಿಯಿಲ್ಲ, ಅವನು ಬಿದ್ದ ಸ್ಥಳವನ್ನು ತೋರಿಸುವ ಕಲ್ಲೂ ಇಲ್ಲ. ತುರುಗಳನ್ನು ಬಿಡಿಸಹೋಗಿ ಮಡಿದ ಸಾಮಾನ್ಯ ಆಳಿಗೂ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ನರ್ಮದೆಯಿಂದ ಕಾವೇರಿಯವರೆಗೆ ದಂಡು ನಡೆಯಿಸಿದ ಅರಸನಿಗೆ ಮಾತ್ರ ಆ ಕಲ್ಲು ದೊರೆಯಲಿಲ್ಲ.

ಅವನ ಬಾಳು ಮೊದಲಿನಿಂದಲೂ ಸುಖದ್ದಲ್ಲ. ತಂದೆ ಕೀರ್ತಿವರ್ಮನು ತೀರಿದ ಬಳಿಕ ರಾಜ್ಯವು ಚಿಕ್ಕಪ್ಪನಾದ ಮಂಗಲೇಶನ ಕೈಸೇರಿತು. ಮಂಗಲೇಶನು ಸಮರ್ಥನೇ ಸರಿ. ಆದರೆ ಪಟ್ಟವು ತನ್ನ ಮಗನಿಗೇ ಆಗಬೇಕೆಂದು ಬಗೆದನು. ಪುಲಕೇಶಿಯು ಊರು ಬಿಟ್ಟು ಹೋಗಿ, ದಂಡು ಕೂಡಿಸಿಕೊಂಡು ಬಂದನು. ಚಿಕ್ಕಪ್ಪನು ರಾಜ್ಯವನ್ನೂ ಪ್ರಾಣವನ್ನೂ ಒಟ್ಟಿಗೇ ಕಳೆದುಕೊಂಡನು. ಇದು ಸುಮಾರು 610ರ ಮಾತು. ಮನೆಯೊಳಗಿನ ಈ ರಕ್ತಪಾತವನ್ನು ಮರೆಮಾಚಿ ಚರಿತ್ರೆ ಬರೆಯುವುದು ನಮಗೆ ಒಪ್ಪಿಗೆಯಿಲ್ಲ. ಅವನ ಆಶ್ರಿತ ಕವಿಯೇ ಮರೆಮಾಚಲಿಲ್ಲ.

ಆ ಕವಿಯು ರವಿಕೀರ್ತಿ. ಹುನಗುಂದ ತಾಲೂಕಿನ ಐಹೊಳೆಯ ಮೇಗುಟಿ ಗುಡ್ಡದ ಮೇಲೆ ಅವನು ಕಟ್ಟಿಸಿದ ಜಿನಾಲಯದ ಗೋಡೆಯಲ್ಲಿ ಪುಲಕೇಶಿಯ ಚರಿತ್ರೆಯು ಸಂಸ್ಕೃತ ಶ್ಲೋಕಗಳಲ್ಲಿ ನಿಂತಿದೆ. ಬನವಾಸಿಯ ಮುತ್ತಿಗೆ, ಕೊಂಕಣದ ಪುರಿಯ ಮೇಲೆ ಹಡಗುಗಳ ದಾಳಿ, ಉತ್ತರಾಪಥದ ಹರ್ಷನ ಪರಾಜಯ, ಕಂಚಿಯ ಪಲ್ಲವನು ಕೋಟೆಯೊಳಗೆ ಅಡಗಿದ್ದು, ಎಲ್ಲವೂ ಅಲ್ಲಿವೆ. ಭಾರತಯುದ್ಧದಿಂದ 3735 ವರ್ಷ, ಶಕ 556 ಎಂದು ಕಾಲವನ್ನೂ ಕೊಟ್ಟಿದೆ, ಎಂದರೆ ಕ್ರಿ.ಶ. 634. ಕವಿಯು ತನ್ನನ್ನು ಕಾಳಿದಾಸ ಭಾರವಿಗಳಿಗೆ ಸರಿದೊರೆಯೆಂದು ಹೊಗಳಿಕೊಂಡಿದ್ದಾನೆ. ಈ ಬಡಾಯಿಯೂ ಉಪಕಾರಕ್ಕೇ ಬಂದಿತು. ಆ ಮಹಾಕವಿಗಳು ಅದಕ್ಕೆ ಮೊದಲೇ ಪ್ರಸಿದ್ಧರಾಗಿದ್ದರೆಂಬುದಕ್ಕೆ ಪಂಡಿತರು ಇಂದಿಗೂ ಈ ಗೋಡೆಯನ್ನೇ ತೋರಿಸುತ್ತಾರೆ.

ಆದರೆ ಅದು ಅರಸನು ಬದುಕಿದ್ದಾಗಲೇ ಬರೆದದ್ದು. ಮುಂದಿನ ಎಂಟು ವರ್ಷಗಳು ಅದರಲ್ಲಿಲ್ಲ. ಸುಮಾರು 641ರಲ್ಲಿ ಅವನ ರಾಜ್ಯವನ್ನು ಕಂಡ ಚೀನದ ಯಾತ್ರಿಕ ಹ್ಯುಯೆನ್‌ತ್ಸಾಂಗನು, ಸೋತ ಸೇನಾಪತಿಗೆ ಇಲ್ಲಿ ಹೆಣ್ಣುಡಿಗೆಯನ್ನು ಕೊಡುವರೆಂದೂ, ಆ ಅವಮಾನವನ್ನು ತಾಳದೆ ಎಷ್ಟೋ ಜನ ಪ್ರಾಣ ಬಿಡುವರೆಂದೂ ಬರೆದಿಟ್ಟನು. ಮರುವರ್ಷವೇ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದನು. ಆ ಯುದ್ಧದಲ್ಲಿಯೇ ಪುಲಕೇಶಿಯು ಮಡಿದನೆಂದು ಇತಿಹಾಸಜ್ಞರು ಎಣಿಸುತ್ತಾರೆ.

ಅವನ ಕೊನೆಯ ಸುದ್ದಿಯನ್ನು ಬಾದಾಮಿಯಲ್ಲಿ ಹೇಳುವುದು ಶತ್ರುವಿನ ಶಾಸನವೊಂದೇ. ನರಸಿಂಹವರ್ಮನ 13ನೆಯ ಆಳ್ವಿಕೆಯ ವರ್ಷದ್ದೆಂದು ಹೇಳುವ ಆ ಬಂಡೆಯ ಅಕ್ಷರಗಳು ಬಹಳಷ್ಟು ಕೆಟ್ಟುಹೋಗಿವೆ. ಅದನ್ನು ನೋಡಿದಾಗ ಮೊದಲು ನಮಗೂ ಮೈ ಉರಿಯಿತು. ಮಗನಾದ ಮೊದಲನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮರಳಿ ಗೆದ್ದ ಮೇಲೂ ಇದು ಹೇಗೆ ಉಳಿಯಿತೆಂದು ಕೇಳಿಕೊಂಡೆವು.

ಸುಮಾರು ನೂರು ವರ್ಷಗಳ ತರುವಾಯ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಹೊಕ್ಕನು. ಊರನ್ನು ಸುಡಲಿಲ್ಲ. ರಾಜಸಿಂಹೇಶ್ವರ ಗುಡಿಯ ಐಶ್ವರ್ಯವನ್ನು ಕಂಡು, ಅದನ್ನು ದೇವರಿಗೇ ಮರಳಿ ಒಪ್ಪಿಸಿ, ಹಾಗೆಂದು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದನು. ರಾಣಿ ಲೋಕಮಹಾದೇವಿಯು ಆ ಜಯದ ನೆನಪಿಗೆ ಬಾದಾಮಿ ತಾಲೂಕಿನ ಪಟ್ಟದಕಲ್ಲಿನಲ್ಲಿ ಗುಡಿಯನ್ನು ಕಟ್ಟಿಸಿದಳು. ಇಂದಿನ ವಿರೂಪಾಕ್ಷ ದೇವಾಲಯವೇ ಅದು. ಕಂಚಿಯವರು ನಮ್ಮ ಕನ್ನಡದ ಅಕ್ಷರಗಳನ್ನು ಒಡೆಯಲಿಲ್ಲ. ಅವು ಇಂದಿಗೂ ಆ ಗುಡಿಯಲ್ಲಿವೆ.