ಎರಡೂ ಪಕ್ಷಕ್ಕೆ ಕರಡು ಬರೆದ ರಾಲ್ಫ್ ಬಂಚ್

1948ರ ಸೆಪ್ಟೆಂಬರ್ 17ರಂದು ಜೆರುಸಲೇಮಿನಲ್ಲಿ ವಿಶ್ವಸಂಸ್ಥೆಯ ಸಂಧಾನಕಾರ ಕೌಂಟ್ ಫೋಕ್ ಬರ್ನಡೋಟ್ ಯಹೂದಿ ಉಗ್ರಗಾಮಿಗಳ ಗುಂಡಿಗೆ ಬಲಿಯಾದರು. ಸಂಧಾನದ ಹೊಣೆ ಅವರ ಸಹಾಯಕ, ಅಮೆರಿಕದ ಕಪ್ಪು ಜನಾಂಗದ ಅಧಿಕಾರಿ ರಾಲ್ಫ್ ಬಂಚ್ ಅವರ ಹೆಗಲೇರಿತು.

ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಬಂಚ್, ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡು ಲಾಸ್ ಏಂಜಲಿಸ್‌ನಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದವರು. 1934ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1947ರಲ್ಲಿ ಪ್ಯಾಲೆಸ್ಟೈನ್ ಕುರಿತ ವಿಶ್ವಸಂಸ್ಥೆಯ ಸಮಿತಿಯಲ್ಲಿ ಭಿನ್ನಮತ ತಲೆದೋರಿದಾಗ, ವಿಭಜನೆಯ ಪರವಾದ ಬಹುಮತದ ವರದಿಗೂ, ಭಾರತ ಬೆಂಬಲಿಸಿದ್ದ ಅಲ್ಪಮತದ ವರದಿಗೂ ಕರಡು ಸಿದ್ಧಪಡಿಸಿದವರು ಅವರೇ. ಕಡತಗಳಿಗೆ ಟಿಪ್ಪಣಿ ಬರೆಯುವುದರಲ್ಲಿಯೇ ಸೇವಾವಧಿ ಕಳೆದ ನನಗೆ ಅವರ ಬದುಕಿನ ತಿರುಳು ಇಲ್ಲಿಯೇ ಕಾಣುತ್ತದೆ. ತಾನು ಒಪ್ಪದ ವಾದವನ್ನೂ ನಿಷ್ಠೆಯಿಂದ ನಿರೂಪಿಸಬಲ್ಲ ಅಧಿಕಾರಿಗೆ ಉಭಯ ಪಕ್ಷಗಳ ವಿಶ್ವಾಸ ದಕ್ಕುತ್ತದೆ.

1949ರ ಜನವರಿಯಲ್ಲಿ ಅವರು ಈಜಿಪ್ಟ್ ಮತ್ತು ಇಸ್ರೇಲಿನ ನಿಯೋಗಗಳನ್ನು ರೋಡ್ಸ್ ದ್ವೀಪದ ಹೋಟೆಲೊಂದಕ್ಕೆ ಕರೆಸಿದರು. ಕಗ್ಗಂಟಿನ ವಿಷಯಗಳನ್ನು ಬದಿಗಿಟ್ಟು ಸಣ್ಣ ವಿಷಯಗಳಿಂದ ಆರಂಭಿಸಿದರು. 42 ದಿನಗಳ ಮಾತುಕತೆಯ ಬಳಿಕ, ಫೆಬ್ರುವರಿ 24ರಂದು ಕದನವಿರಾಮ ಒಪ್ಪಂದಕ್ಕೆ ಸಹಿ ಬಿತ್ತು. ಜುಲೈ ವೇಳೆಗೆ ಲೆಬನಾನ್, ಜೋರ್ಡಾನ್ ಮತ್ತು ಸಿರಿಯಾ ಕೂಡ ಅದೇ ಹಾದಿ ತುಳಿದವು. ಕದನವಿರಾಮದ ರೇಖೆಯನ್ನು ರಾಜಕೀಯ ಗಡಿಯೆಂದು ಭಾವಿಸತಕ್ಕದ್ದಲ್ಲ ಎಂದು ಈಜಿಪ್ಟಿನ ಒಪ್ಪಂದದಲ್ಲಿ ನಮೂದಿಸಲಾಗಿತ್ತು. ಸಹಿ ಹಾಕಲು ಅದು ಅನುಕೂಲವಾಯಿತು. ಗಡಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಅದೇ ವರ್ಷ ಅಧ್ಯಕ್ಷ ಟ್ರೂಮನ್ ಅವರು ಸಹಾಯಕ ವಿದೇಶಾಂಗ ಕಾರ್ಯದರ್ಶಿ ಹುದ್ದೆ ನೀಡಲು ಮುಂದಾದಾಗ ಬಂಚ್ ನಿರಾಕರಿಸಿದರು. ವರ್ಣಭೇದವನ್ನು ಆಚರಿಸುತ್ತಿದ್ದ ವಾಷಿಂಗ್ಟನ್ ನಗರದಲ್ಲಿ ತಮ್ಮ ಕುಟುಂಬ ಬಾಳುವುದು ಅವರಿಗೆ ಬೇಕಿರಲಿಲ್ಲ. 1950ರಲ್ಲಿ ಅವರು ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೊದಲ ಕಪ್ಪು ವ್ಯಕ್ತಿಯಾದರು.

ಮುಂದೆ 1956ರ ಸೂಯೆಜ್, 1960ರ ಕಾಂಗೊ, 1964ರ ಸೈಪ್ರಸ್ ಬಿಕ್ಕಟ್ಟುಗಳಲ್ಲಿ ಶಾಂತಿಪಾಲನಾ ಕಾರ್ಯವನ್ನು ರೂಪಿಸಿದರು. ಸೈಪ್ರಸ್‌ನಲ್ಲಿ ಆ ಪಡೆಯನ್ನು ಮುನ್ನಡೆಸುತ್ತಿದ್ದಾಗಲೇ, 1965ರಲ್ಲಿ, ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಕೊನೆಯುಸಿರೆಳೆದರು.

1967ರಲ್ಲಿ ಈಜಿಪ್ಟಿನ ಒತ್ತಾಯದ ಮೇರೆಗೆ ಶಾಂತಿಪಾಲನಾ ಪಡೆಯನ್ನು ಹಿಂತೆಗೆದುಕೊಳ್ಳಲಾಯಿತು. ಮರುತಿಂಗಳೇ ಯುದ್ಧ ಸಿಡಿಯಿತು. ತಾವು ಕಟ್ಟಿದ ವ್ಯವಸ್ಥೆಯ ಕುಸಿತವನ್ನು ಕಣ್ಣಾರೆ ಕಂಡ ಬಂಚ್, 1971ರ ಡಿಸೆಂಬರ್ 9ರಂದು ನಿಧನರಾದರು. ಅವರ ಲೇಖನಿ ಪಶ್ಚಿಮ ಏಷ್ಯಾಕ್ಕೆ ಗಳಿಸಿಕೊಟ್ಟದ್ದು ಕಾಲಾವಕಾಶವನ್ನು. ಆ ವರ್ಷಗಳು ವ್ಯರ್ಥವಾಗಿದ್ದರೆ, ಅದರ ಹೊಣೆ ಗಡಿಯ ಪ್ರಶ್ನೆಯನ್ನು ಬಗೆಹರಿಸಬೇಕಿದ್ದ ರಾಜಕೀಯ ನಾಯಕತ್ವದ್ದು.